ಮಿನಿವ್ಯಾನ್ ಕೇಳಿದವರಿಗೆ ಮಂತ್ರಿ ಗಾಡಿ

ನಾವು ಕೇಳಿದ್ದು ಮಿನಿವ್ಯಾನ್. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಅಮೆರಿಕದ ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದಲ್ಲಿ ತೆಗೆಸಿಕೊಂಡ ಫೋಟೋ ನೋಡಿದ ಹುಬ್ಬಳ್ಳಿಯ ಬಳಗದವರು 'ಭಾರಿ ಗಾಡಿ ತಗೊಂಡಾರ' ಎಂದು ಮಾತಾಡಿಕೊಳ್ಳುತ್ತಿದ್ದಾರಂತೆ. ತಗೊಂಡಿಲ್ಲ, ಬಾಡಿಗೆಯದು. ಅದನ್ನೂ ನಾವು ಆರಿಸಿದ್ದಲ್ಲ. ಸಾಲ್ಟ್ ಲೇಕ್ ಸಿಟಿ ವಿಮಾನ ನಿಲ್ದಾಣದ ಕೌಂಟರಿನಲ್ಲಿದ್ದ ಹುಡುಗ ಮಿನಿವ್ಯಾನ್ ಖಾಲಿಯಾಗಿದೆ, ಅದೇ ದುಡ್ಡಿಗೆ ಫುಲ್ ಸೈಜ್ ಎಸ್‌ಯುವಿ ಕೊಡುತ್ತೇನೆ ಎಂದ. ಅದೇ ದುಡ್ಡಿಗೆ ಎಂಬ ಮಾತು ಕಿವಿಗೆ ಬಿದ್ದ ಮೇಲೆ ನಮ್ಮ ಮನೆಯಲ್ಲಿ ಯಾರೂ ಮುಂದಿನದನ್ನು ಕೇಳಿಸಿಕೊಳ್ಳುವುದಿಲ್ಲ.

ಪಾರ್ಕಿಂಗಿಗೆ ಹೋದರೆ ಕರಿ ಬಣ್ಣ, ಕರಿ ಗಾಜು. ಅಮೆರಿಕದ ಅಧ್ಯಕ್ಷರು ಹೊರಟಾಗ ಹಿಂದೆಮುಂದೆ ಸಾಲುಗಟ್ಟಿ ಹೋಗುತ್ತವಲ್ಲ, ಆ ಕುಲದ್ದು. ಈ ಕುಲದಲ್ಲಿ ಹಿರಿಯ ಎಂದರೆ ಶೆವರ್ಲೆ ಸಬರ್ಬನ್, 1935ರಿಂದ ಬಂದ ಹೆಸರು. ಫೋರ್ಡ್ ಎಕ್ಸ್‌ಪೆಡಿಷನ್, ಜಿಎಂಸಿ ಯೂಕಾನ್ ಎಲ್ಲ ದಾಯಾದಿಗಳು. ನಮ್ಮದು ಯಾವುದು ಎಂಬುದು ಬೇಡ. ಈ ಗಾಡಿಗಳೆಲ್ಲ ಪಿಕಪ್ ಟ್ರಕ್ಕಿನ ಚಾಸಿ ಮೇಲೆ ಕಟ್ಟಿದವು. ದೋಣಿಯನ್ನೋ ಕುದುರೆ ಟ್ರೇಲರನ್ನೋ ಹಿಂದೆ ಕಟ್ಟಿಕೊಂಡು ಎಳೆಯಲಿ ಎಂದು ಮಾಡಿದ್ದು. ಹಿಂದೆ ಕಟ್ಟುವುದಕ್ಕೆ ನಮ್ಮ ಹತ್ತಿರ ಏನೂ ಇರಲಿಲ್ಲ. ಒಳಗೆ ತುಂಬುವುದಕ್ಕೆ ಮಾತ್ರ ಏಳು ಜನ, ರೈಸ್ ಕುಕ್ಕರು, ಖಡಕ್ ರೊಟ್ಟಿಯ ಡಬ್ಬಿ ಮತ್ತು ಅಕ್ಕನ ಇಬ್ಬರು ಮಕ್ಕಳ ಜಗಳ.

ಅಪ್ಪ ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕಿ ಬಂದರು. ಅವರ ಬದುಕಿನಲ್ಲಿ ಕಾರು ಎಂದರೆ ಮಾರುತಿ 800, ಮಿಕ್ಕಿದ್ದೆಲ್ಲ ಅದಕ್ಕಿಂತ ದೊಡ್ಡದು ಅಥವಾ ಸ್ಕೂಟರು. 'ನಮ್ಮ ಮಾರುತಿ ಅಡ್ಡ ನಿಲ್ಲಿಸಿದ್ರ ಡಿಕ್ಕಿಯೊಳಗ ಹಿಡಿಸ್ತಿತ್ತೇನೋ' ಎಂದರು. ಅಷ್ಟೇನಿಲ್ಲ. ಆದರೆ ಇದರ ಉದ್ದ ಐದೂಮುಕ್ಕಾಲು ಮೀಟರಿನ ಹತ್ತಿರ, ತೂಕ ಎರಡೂವರೆ ಟನ್ನಿನ ಮೇಲೆ. ತಕ್ಕಡಿಗೆ ಹಾಕಿದರೆ ಆ ಕಡೆ ನಾಲ್ಕು ಮಾರುತಿ ಬೇಕು. ನಂತರ ಅವರು ಕೇಳಿದ್ದು ಭಾರತದ ಯಾವ ಗಂಡಸೂ ಕೇಳದೆ ಬಿಡದ ಪ್ರಶ್ನೆ: 'ಎಷ್ಟು ಕೊಡತೈತ್ರೀ ಇದು?'

ಅಕ್ಕನ ಗಂಡ, ನಮ್ಮ ಮಾಮಾ, ಮೈಲಿ ಗ್ಯಾಲನ್ನುಗಳನ್ನೆಲ್ಲ ಮನಸ್ಸಿನಲ್ಲೇ ಕಿಲೋಮೀಟರು ಲೀಟರು ಮಾಡಿ, 'ಹೈವೇದಾಗ ಎಂಟು ಎಂಟೂವರೆ ಬರಬಹುದ್ರಿ, ಮಾವಾರ' ಎಂದರು. ಅಪ್ಪ ಏನೂ ಅನ್ನಲಿಲ್ಲ. ಮುಂದಿನ ಸೀಟಿನಲ್ಲಿ ಕೂತು, ಯಾರೋ ತೀರಿಕೊಂಡ ಸುದ್ದಿ ಕೇಳಿದವರ ಹಾಗೆ ಬೆಲ್ಟು ಹಾಕಿಕೊಂಡರು.

ಅವ್ವನ ಕಥೆ ಬೇರೆ. ಬಾಗಿಲು ತೆಗೆದೊಡನೆ ಗಾಡಿಯ ಹೊಟ್ಟೆಯ ಅಡಿಯಿಂದ ಒಂದು ಪಾವಟಿಗೆ ತಾನಾಗಿ ಹೊರಗೆ ಬರುತ್ತದೆ. ಬಾಗಿಲು ಹಾಕಿದರೆ ತಾನಾಗಿ ಒಳಗೆ ಹೋಗುತ್ತದೆ. ಇಳಕಲ್ ಸೀರೆ, ಅದರ ಕೆಳಗೆ ಬಿಳಿ ಸ್ಪೋರ್ಟ್ಸ್ ಶೂ ಹಾಕಿದ್ದ ಅವ್ವ ಕಾಲೆತ್ತಿದಾಗ ಮೊಮ್ಮಗ ಹಿಂದಿನಿಂದ ಬಾಗಿಲು ಎಳೆದ. ಪಾವಟಿಗೆ ಮೆಲ್ಲಗೆ ಒಳಗೆ ಸರಿಯತೊಡಗಿತು. 'ಇದು ನನ್ನ ಬೀಳಸಾಕ ನೋಡಾಕತ್ತೈತಿ' ಎಂದು ಅವ್ವ ಹಿಂದಕ್ಕೆ ಜಿಗಿದಳು. ಅಂದಿನಿಂದ ಪ್ರತಿ ಸಲ ಹತ್ತುವ ಮುಂಚೆ ಬಗ್ಗಿ ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡೇ ಕಾಲಿಡುವುದು. ಪೆಟ್ರೋಲ್ ಬಂಕುಗಳಲ್ಲಿ ಕೌಬಾಯ್ ಟೋಪಿಯ ಗಂಡಸರು ಇದನ್ನು ಬಾಯಿ ತೆರೆದು ನೋಡಿದ್ದುಂಟು.

ಆಸನ ವ್ಯವಸ್ಥೆ ಹೇಗಾಯಿತೆಂದರೆ, ಮುಂದೆ ಮಾಮಾ ಮತ್ತು ಅಪ್ಪ, ನಡುವೆ ಮಹಾರಾಣಿಯರ ಹಾಗೆ ಒಬ್ಬೊಬ್ಬರಿಗೆ ಒಂದೊಂದು ಬಿಡಿ ಸೀಟಿನಲ್ಲಿ ಅವ್ವ ಮತ್ತು ಅಕ್ಕ, ಕೊನೆಯ ಸಾಲಿನಲ್ಲಿ ಎರಡು ಮಕ್ಕಳು, ಅವುಗಳ ನಡುವೆ ನಾನು. ಮದುವೆಯಾಗದವನಿಗೆ ನಮ್ಮ ಕಡೆ ಊಟದ ಪಂಕ್ತಿಯಿಂದ ಹಿಡಿದು ಗಾಡಿಯವರೆಗೆ ಇದೇ ಜಾಗ. ನನ್ನ ಬೆನ್ನ ಹಿಂದೆ ಸೂಟ್‌ಕೇಸುಗಳು ಕಾಲು ಚಾಚಿ ಮಲಗಿದ್ದವು. ಸಾಮಾನಿಗೆ ಈ ಗಾಡಿಯಲ್ಲಿ ಬೇಕಾದಷ್ಟು ಜಾಗ, ಆ ವಿಷಯದಲ್ಲಿ ಕೊಂಕು ಮಾತಾಡಬಾರದು. ಸೊಂಟಕ್ಕೆ ಮಾತ್ರ ಇಲ್ಲ. ಇದಕ್ಕಿಂತ ಕಡಿಮೆ ಬೆಲೆಯ ಮಿನಿವ್ಯಾನಿನ ಹಿಂದಿನ ಸಾಲಿನಲ್ಲಿ ಮನುಷ್ಯರ ಹಾಗೆ ಕೂರಬಹುದು. ಆದರೆ ಮಿನಿವ್ಯಾನಿನ ಮುಂದೆ ನಿಂತು ಯಾರೂ ಫೋಟೋ ತೆಗೆಸಿಕೊಳ್ಳುವುದಿಲ್ಲವಲ್ಲ.

ಇಷ್ಟು ಉದ್ದದ ಗಾಡಿಯಲ್ಲಿ ಮುಂದಿನವರ ಮಾತು ಹಿಂದಿನವರಿಗೆ ಕೇಳುವುದಿಲ್ಲ. ಎಲ್ಲ ಸುದ್ದಿಯೂ ಅವ್ವನ ಮೂಲಕವೇ ಹಾಯಬೇಕು. ನಾನು 'ಎಸಿ ಸ್ವಲ್ಪ ಹೆಚ್ಚು ಮಾಡ್ರಿ' ಎಂದು ಕಳಿಸಿದ್ದು ಮುಂದಿನ ಸಾಲು ಮುಟ್ಟುವಾಗ 'ತಮ್ಮಗ ಹೊಟ್ಟಿ ಹಸದೈತಂತ' ಎಂದಾಗಿರುತ್ತಿತ್ತು. ಸಾಲಿಗೊಂದು ಎಸಿ, ಸಾಲಿಗೊಂದು ಹವಾಮಾನ. ಮುಂದೆ ಊಟಿ, ನಡುವೆ ಬೆಳಗಾವಿ, ಹಿಂದೆ ರಾಯಚೂರು.

ಉತ್ತರಕ್ಕೆ ಐಡಾಹೋ ರಾಜ್ಯ ದಾಟಿ, ಉದ್ಯಾನದ ಪಶ್ಚಿಮ ಬಾಗಿಲಲ್ಲಿರುವ ವೆಸ್ಟ್ ಯೆಲ್ಲೋಸ್ಟೋನ್ ಊರಿಗೆ ಸುಮಾರು 320 ಮೈಲಿ, ಅಂದರೆ 500 ಕಿಲೋಮೀಟರಿನ ಮೇಲೆ. ಅಲ್ಲಿನ ಹೆದ್ದಾರಿಯಲ್ಲಿ ಗಂಟೆಗೆ 80 ಮೈಲಿಗೆ ಕಾನೂನೇ ಒಪ್ಪಿದೆ. ಆ ವೇಗದಲ್ಲೂ ಗಾಡಿ ಕಲ್ಲುಗುಂಡಿನ ಹಾಗೆ ಸ್ಥಿರ. ಮಾಮಾ ಮೊದಲ ಒಂದು ತಾಸು ಸ್ಟಿಯರಿಂಗನ್ನು ಅಪ್ಪಿ ಹಿಡಿದಿದ್ದವರು ಆಮೇಲೆ ಒಂದೇ ಕೈಯಲ್ಲಿ ಓಡಿಸತೊಡಗಿದರು. ಇಳಿಜಾರಿನಲ್ಲಿ ಎಂಜಿನ್ ತನ್ನ ಎಂಟು ಸಿಲಿಂಡರುಗಳಲ್ಲಿ ಕೆಲವನ್ನು ತಾನೇ ಮಲಗಿಸಿ ಪೆಟ್ರೋಲ್ ಉಳಿಸುತ್ತದೆ ಎಂದು ಅವರು ವಿವರಿಸಿದಾಗ ಅಪ್ಪನ ಮುಖ ಮೊದಲ ಸಲ ಅರಳಿತು. 'ಹಂಗಾದ್ರ ನಮ್ಮ ಬಸ್ ಡ್ರೈವರು ಇಳಿಜಾರಿನ್ಯಾಗ ನ್ಯೂಟ್ರಲ್ ಮಾಡಿದ್ರ ಬೈತಿದ್ರಲ್ಲ, ಅವರನ್ನ ನೋಡೇ ಇವರು ಕಲತಾರ.'

ಬಂಕಿನಲ್ಲಿ ಆ ಸಂತೋಷ ಇಳಿಯಿತು. ಟ್ಯಾಂಕು 28 ಗ್ಯಾಲನ್. ಮಾರುತಿಯದೂ 28, ಆದರೆ ಅದು ಲೀಟರು. ಇದು ನೂರರ ಮೇಲೆ ಆರು ಲೀಟರು ಕುಡಿಯುವ ಪ್ರಾಣಿ. ಎತ್ತರದ ಆ ಸೀಮೆಯಲ್ಲಿ ಮಾಮೂಲಿ ಪೆಟ್ರೋಲಿನ ಆಕ್ಟೇನ್, ಅಂದರೆ ದರ್ಜೆಯ ಅಂಕಿ, 85. ಬೇರೆ ಕಡೆ ಮಾಮೂಲಿ ಎಂದರೆ 87. ಯಾವುದು ಹಾಕಬೇಕೆಂದು ಮಾಮಾ ಪುಸ್ತಕ ತಿರುವಿ ಹಾಕುತ್ತಿದ್ದರೆ, ಅಪ್ಪ ಪಂಪಿನ ಮೇಲೆ ಓಡುತ್ತಿದ್ದ ಡಾಲರನ್ನು ರೂಪಾಯಿ ಮಾಡುತ್ತ ನಿಂತಿದ್ದರು. ಟ್ಯಾಂಕ್ ತುಂಬುವ ಮೊದಲೇ ಪಂಪು ನಿಂತಿತು. ಕೆಲವು ಪಂಪುಗಳು ಕಾರ್ಡಿನ ಮೇಲೆ ಇಂತಿಷ್ಟು ಮೊತ್ತವಾದರೆ ತಾವಾಗಿ ನಿಲ್ಲುತ್ತವೆ. 'ನೋಡ್ರಿ, ಅದಕ್ಕೂ ಸಾಕಾತು' ಎಂದರು ಅಪ್ಪ.

ಯೆಲ್ಲೋಸ್ಟೋನ್ ಬಗ್ಗೆ ಹೇಳಲು ನಾನು ಯೋಗ್ಯನಲ್ಲ. ಅದು ರಾಷ್ಟ್ರೀಯ ಉದ್ಯಾನವಾದ 1872ರಿಂದ ಜನ ಹೇಳುತ್ತಲೇ ಇದ್ದಾರೆ. ಓಲ್ಡ್ ಫೇತ್‌ಫುಲ್ ಎಂಬ ಬಿಸಿನೀರ ಬುಗ್ಗೆ ಸುಮಾರು ತೊಂಬತ್ತು ನಿಮಿಷಕ್ಕೊಮ್ಮೆ ಚಿಮ್ಮುತ್ತದೆ. ನಾವು ಪಾರ್ಕಿಂಗಿನಲ್ಲಿ ಈ ಗಾಡಿಗೆ ಜಾಗ ಹುಡುಕಿ, ಬಾಗಿಲು ತೆರೆಯಲು ಅಕ್ಕಪಕ್ಕ ಎಡೆಯಿಲ್ಲದೆ ಎಲ್ಲರನ್ನೂ ಮೊದಲೇ ನಡುದಾರಿಯಲ್ಲಿ ಇಳಿಸಿ, ಮಾಮಾ ಹಿಂದೆ ಮುಂದೆ ಮಾಡಿ ನಿಲ್ಲಿಸಿ ಬರುವಷ್ಟರಲ್ಲಿ ಅದು ಚಿಮ್ಮಿ ಮುಗಿದಿತ್ತು. ಮುಂದಿನದಕ್ಕೆ ಕಾದೆವು. ನೋಡಿದೆವು. ಚೆನ್ನಾಗಿತ್ತು.

ನಿಜವಾದ ಸ್ಫೋಟ ಆಮೇಲೆ ಆಯಿತು. ಅಲ್ಲಿಂದ ಪೂರ್ವಕ್ಕೆ ರಸ್ತೆ ಕ್ರೇಗ್ ಪಾಸ್ ಎಂಬ ಕಣಿವೆದಾರಿಗೆ ಏರುತ್ತದೆ, 8,262 ಅಡಿ. ಊಟದ ಹೊತ್ತು. ಇನ್ನೊಮ್ಮೆ ಗಾಡಿ ನಿಲ್ಲಿಸುವ ಧೈರ್ಯ ಯಾರಿಗೂ ಇಲ್ಲದ್ದರಿಂದ ಅವ್ವ ಕೂತಲ್ಲೇ ರೊಟ್ಟಿ ಹಂಚತೊಡಗಿದಳು. ಆಮೇಲೆ ಕೈಚೀಲದಿಂದ ಶೇಂಗಾ ಚಟ್ನಿಪುಡಿಯ ಪಾಕೀಟು ತೆಗೆದಳು. ಹುಬ್ಬಳ್ಳಿಯಲ್ಲಿ ಸೀಲ್ ಮಾಡಿಸಿದ್ದು. ಅದು ತಲೆದಿಂಬಿನ ಹಾಗೆ ಉಬ್ಬಿ ಬಿಗಿದುಕೊಂಡಿತ್ತು. ಒಳಗಿದ್ದದ್ದು ಹುಬ್ಬಳ್ಳಿಯ ಗಾಳಿ, ಹೊರಗಿದ್ದದ್ದು ಬೆಟ್ಟದ ಮೇಲಿನ ತೆಳು ಗಾಳಿ. ಒಳಗಿನದು ದಾರಿ ಕಾಯುತ್ತಿತ್ತು. ಇದನ್ನೆಲ್ಲ ಹೇಳುವಷ್ಟರಲ್ಲಿ ಅವ್ವ ಮೂಲೆಯನ್ನು ಹಲ್ಲಿನಿಂದ ಕಚ್ಚಿ ಎಳೆದಾಗಿತ್ತು.

ಟಪ್ ಎಂದಿತು. ಒಂದು ಕೆಂಪು ಮೋಡ ಎದ್ದಿತು. ನೇರ ಅವ್ವನ ತಲೆಯ ಮೇಲೆ ಛಾವಣಿಯಲ್ಲಿ ಎಸಿಯ ಕಿಂಡಿ, ನಾನೇ ಗೋಗರೆದು ಜೋರು ಮಾಡಿಸಿದ್ದು. ಪುಡಿ ಒಮ್ಮೆ ಮೇಲಕ್ಕೆದ್ದು, ಯೋಚಿಸಿ, ನಂತರ ಸಾಲು ಸಾಲಾಗಿ ಎಲ್ಲರಿಗೂ ಬಡಿಸಿತು. ಅವ್ವ ಬಣ್ಣಕ್ಕೆ ಬ್ಯಾಡಗಿ, ಖಾರಕ್ಕೆ ಗುಂಟೂರು ಎರಡನ್ನೂ ಕುಟ್ಟುವವಳು. ಆ ಕಾಡಿಗೆ ಬರುವವರು ಕರಡಿ ಮೈಮೇಲೆ ಬಂದರೆ ಇರಲಿ ಎಂದು ಒಂದು ಸ್ಪ್ರೇ ಡಬ್ಬಿ ಕೊಂಡು ಸೊಂಟಕ್ಕೆ ಸಿಕ್ಕಿಸಿಕೊಂಡಿರುತ್ತಾರೆ. ಅದರೊಳಗಿರುವುದೂ ಮೆಣಸಿನಕಾಯಿಯ ಖಾರದ ಸತ್ವವೇ. ನಾವು ಕರಡಿಯೂ ಇಲ್ಲದೆ, ಗಾಜು ಏರಿಸಿಕೊಂಡು, ಸ್ವಂತ ಖರ್ಚಿನಲ್ಲಿ ಹೊಡೆದುಕೊಂಡಿದ್ದೆವು.

ಮಾಮಾ ಕಣ್ಣೀರಿನಲ್ಲೇ ಗಾಡಿಯನ್ನು ಬದಿಗೆ ತಂದರು. ಅಲ್ಲಿ ಐಸಾ ಎಂಬ ಒಂದು ಪುಟ್ಟ ಕೆರೆ, ನೈದಿಲೆಯ ಎಲೆಗಳು ತೇಲುತ್ತವೆ. ಅದರ ನೀರು ಒಂದು ಕಡೆಯಿಂದ ಪೆಸಿಫಿಕ್ ಸಾಗರಕ್ಕೂ ಇನ್ನೊಂದು ಕಡೆಯಿಂದ ಅಟ್ಲಾಂಟಿಕ್ ಕಡೆಗೂ ಹರಿಯುತ್ತದೆ. ದಂಡೆಯ ಮೇಲೆ ಆರು ಜನ ಸಾಲಾಗಿ ನಿಂತು ಎರಡೂ ಹೊಳ್ಳೆಗಳಿಂದ ಕೈಲಾದಷ್ಟು ಸೇರಿಸಿದೆವು. ಅವ್ವನಿಗೆ ಮಾತ್ರ ಏನೂ ಆಗಿರಲಿಲ್ಲ. 'ಅರ್ಧಾ ಉಳದೈತಿ ತಗೋರಿ, ಚೆಲ್ಲಬಾರದು' ಎಂದಳು.

ಹಾಗಾಗಿ ಹೇಡನ್ ಕಣಿವೆಗೆ ಬಂದಾಗ ನಮ್ಮ ಗಾಜುಗಳೆಲ್ಲ ಪೂರ್ತಿ ಇಳಿದಿದ್ದವು. ಮುಂದೆ ವಾಹನಗಳ ಸಾಲು, ರಸ್ತೆಯ ಮೇಲೆ ಬೈಸನ್ ಎಂಬ ಅಲ್ಲಿನ ಕಾಡೆಮ್ಮೆಗಳ ಹಿಂಡು. ಬೈಸನ್‌ನಿಂದ 25 ಗಜ ದೂರ ಇರಬೇಕು ಎಂದು ಪಾರ್ಕಿನ ನಿಯಮ. ನಿಯಮ ಬೈಸನ್‌ಗೆ ಗೊತ್ತಿರಲಿಲ್ಲ. ಸುಮಾರು ಒಂದು ಟನ್ನಿನ ಗಂಡು ನಮ್ಮ ಬದಿಗೇ ಬಂತು. ಇಡೀ ಪ್ರವಾಸದಲ್ಲಿ ನಮ್ಮ ಗಾಡಿಯನ್ನು ದೊಡ್ಡದು ಎಂದು ಲೆಕ್ಕಕ್ಕಿಡದ ಜೀವ ಅದೊಂದೇ. ಆ ಗಾಡಿಯಲ್ಲಿ ಇನ್ನೊಂದು ಏರ್ಪಾಟಿದೆ, ಯಾವುದಾದರೂ ತೀರ ಹತ್ತಿರ ಬಂದರೆ ಡ್ರೈವರ್ ಸೀಟು ತೊಡೆಯ ಕೆಳಗೆ ಗುರ್ರೆಂದು ನಡುಗುತ್ತದೆ. ಮಾಮಾ ಸ್ಟಿಯರಿಂಗ್ ಬಿಡದೆ, ತುಟಿ ಅಲ್ಲಾಡಿಸದೆ, 'ಕುರ್ಚಿ ಚಿವುಟಾಕತ್ತೈತಿ' ಎಂದರು. ಬೈಸನ್ ಅವ್ವನ ಕಿಟಕಿಯ ಹತ್ತಿರ ತಲೆ ತಂದು ಬುಸ್ ಎಂದು ಉಸಿರು ಬಿಟ್ಟಿತು. ಅವ್ವ ಊರಿನ ದನ ಓಡಿಸುವ ದನಿಯಲ್ಲಿ ಮೆಲ್ಲಗೆ 'ಹೋಯ್' ಎಂದಳು. ಅದು ಹೋಯಿತು. ಯಾವ ಕಾರಣಕ್ಕೆ ಹೋಯಿತೆಂದು ನಾವು ಚರ್ಚಿಸಲಿಲ್ಲ.

ವಾಪಸು ಬಂದು ಗಾಡಿ ಒಪ್ಪಿಸುವ ಮೊದಲು ಬಂಕಿನಲ್ಲಿ ಚಿಲ್ಲರೆ ಹಾಕಿ ವ್ಯಾಕ್ಯೂಮ್ ಹಿಡಿದೆವು. ಅದರ ಕೊಳವೆ ಕೊನೆಯ ಸಾಲಿನವರೆಗೆ ಎಟುಕಲಿಲ್ಲ. ಸೀಟಿನ ಹಳಿಯೊಳಗಿನ ಶೇಂಗಾ ಪುಡಿಯನ್ನು ಅಕ್ಕ ಹಲ್ಲುಜ್ಜುವ ಬ್ರಶ್ಶಿನಿಂದ ತೆಗೆದಳು.

ಒಪ್ಪಿಸಿಕೊಳ್ಳಲು ಬಂದವನು ಸಭ್ಯ ಮನುಷ್ಯ. ಸುತ್ತ ಒಂದು ಸುತ್ತು ಹಾಕಿದ, ಟ್ಯಾಂಕು ನೋಡಿದ, ನಡುವಿನ ಬಾಗಿಲು ತೆಗೆದು ತಲೆ ಒಳಗೆ ಹಾಕಿದ. ಹೊರಗೆ ತೆಗೆದು ಒಂದು ಸಲ ಸೀನಿದ. ಎಲ್ಲ ಸರಿಯಿದೆ ಎಂದು ರಸೀದಿ ಕೊಟ್ಟ. ನಾವು ಬ್ಯಾಗು ಎತ್ತಿದೆವು. ಅವ್ವ ಎತ್ತಲಿಲ್ಲ.

'ಒಂಟಿ ಸೀನು. ಇನ್ನೊಂದು ಸೀನಲಿ, ಆಮ್ಯಾಲೆ ಹೋಗೂಣು.'

ವಿಮಾನಕ್ಕೆ ಹೊತ್ತಾಗುತ್ತಿತ್ತು. ಅವ್ವನ ಮುಖ ನೋಡಿದ ಮೇಲೆ ವಾದಿಸಿ ಉಪಯೋಗವಿಲ್ಲ ಎಂದು ಗೊತ್ತಾಗಿ ಏಳೂ ಜನ ಬ್ಯಾಗು ಕೆಳಗಿಟ್ಟು ಆ ಮನುಷ್ಯನ ಮೂಗನ್ನೇ ನೋಡುತ್ತ ನಿಂತೆವು. ಅವನಿಗೆ ಗಾಬರಿಯಾಯಿತು. ಬಿಲ್ಲಿನಲ್ಲಿ ಏನಾದರೂ ತಕರಾರಿದೆಯೇ ಎಂದು ಕೇಳಿದ. ಅಪ್ಪ ನನ್ನ ಕಿವಿಯ ಹತ್ತಿರ ಬಗ್ಗಿದರು.

'ತಮ್ಮಾ, ನಡುವಿನ ಎಸಿ ಒಮ್ಮೆ ಹಚ್ಚಿ ನೋಡ್ರಿ ಅನ್ನು.'