ಪಾವೆಲ್ ಹಾಸ್ ಮತ್ತು ಅವರ ಮನೆಯವರು

ಜೆಕ್ ನೆಲದಲ್ಲಿ ನಾಜಿಗಳು ಯಹೂದಿಗಳನ್ನು ಕೂಡಿಹಾಕಿದ್ದ ತೆರೆಜಿನ್ ಗೆಟ್ಟೋ ಬಗ್ಗೆ "ನರಕದಲ್ಲೂ ಸಂಗೀತ ಗೆದ್ದಿತು" ಅನ್ನುವ ಥರದ ಪೋಸ್ಟುಗಳು ಆಗಾಗ ಕಣ್ಣಿಗೆ ಬೀಳುತ್ತವೆ. ಜೊತೆಗೆ ಒಂದು ಕಪ್ಪುಬಿಳುಪು ವಿಡಿಯೋ. ಆರ್ಕೆಸ್ಟ್ರಾ ನುಡಿಸುತ್ತದೆ, ಜನ ಕೂತು ಕೇಳುತ್ತಾರೆ, ಕೊನೆಗೆ ಸೂಟು ಹಾಕಿಕೊಂಡ ಒಬ್ಬರು ತಲೆಬಾಗಿ ವಂದಿಸುತ್ತಾರೆ. ಅವರೇ ಸಂಗೀತ ಸಂಯೋಜಕ ಪಾವೆಲ್ ಹಾಸ್. ದಯವಿಟ್ಟು ಆ ವಿಡಿಯೋವನ್ನು ಸುಮ್ನೆ ಹಾಗೇ ಶೇರ್ ಮಾಡಬೇಡಿ.

ಅದನ್ನು ತೆಗೆಸಿದ್ದು ನಾಜಿಗಳು. 1944ರ ಜೂನ್ 23ಕ್ಕೆ ರೆಡ್ ಕ್ರಾಸ್‌ನವರು ತೆರೆಜಿನ್ ನೋಡಲು ಬರುವವರಿದ್ದರು. ಬಣ್ಣ ಬಳಿದರು, ಹೂಗಿಡ ನೆಟ್ಟರು. ಊರು ಕಿಕ್ಕಿರಿದ ಹಾಗೆ ಕಾಣಬಾರದು ಅಂತ ಮೇ ತಿಂಗಳಲ್ಲೇ ಸುಮಾರು 7,500 ಜನರನ್ನು ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಸಾಗಿಸಿಬಿಟ್ಟರು. ಬಂದವರು ನೋಡಿ, ನಂಬಿ, ಹೊರಟುಹೋದರು. ಆಮೇಲೆ ಅದೇ ಸಿಂಗಾರದ ನಡುವೆ ಶೂಟಿಂಗ್. ಯುದ್ಧಕ್ಕೆ ಮುಂಚೆ ಏಳು ಸಾವಿರ ಜನ ಇದ್ದ ಹಳೇ ಕೋಟೆ ಊರದು. 1942ರಲ್ಲಿ ಅಲ್ಲಿ ಐವತ್ತು ಸಾವಿರಕ್ಕೂ ಜಾಸ್ತಿ ಜನರನ್ನು ತುಂಬಿದ್ದರು. ಒಟ್ಟು ಸುಮಾರು 1,40,000 ಯಹೂದಿಗಳನ್ನು ಅಲ್ಲಿಗೆ ತಂದರು, ಅವರಲ್ಲಿ ಸುಮಾರು 33,000 ಜನ ಹಸಿವು, ಕಾಯಿಲೆಗಳಿಂದ ಅಲ್ಲೇ ತೀರಿಕೊಂಡರು. ಇದ್ಯಾವುದೂ ಆ ವಿಡಿಯೋದಲ್ಲಿಲ್ಲ.

ಹಾಸ್ ಮನೆಯವರೂ ಅದರಲ್ಲಿಲ್ಲ. ಅವರನ್ನೆಲ್ಲ ಒಂದು ಫ್ಯಾಮಿಲಿ ಫೋಟೋಗೆ ನಿಲ್ಲಿಸೋಣ ಅಂದುಕೊಳ್ಳಿ, ಯಾರ್ಯಾರು ಸಿಗುತ್ತಾರೆ ನೋಡಿ. ತಂದೆ ಬ್ರ್ನೋ ಊರಿನಲ್ಲಿ ಬೂಟಿನ ವ್ಯಾಪಾರ ಮಾಡುತ್ತಿದ್ದವರು. ಹಿರಿಮಗ ಪಾವೆಲ್, 1899ರಲ್ಲಿ ಹುಟ್ಟಿ ಹೆಸರಾಂತ ಜೆಕ್ ಸಂಯೋಜಕ ಯಾನಾಚೆಕ್ ಹತ್ತಿರ ಸಂಗೀತ ಕಲಿತವರು. ತಮ್ಮ ಹ್ಯೂಗೋ ಜೆಕ್ ಸಿನಿಮಾದ ದೊಡ್ಡ ನಟ. 1939ರ ಮಾರ್ಚ್‌ನಲ್ಲಿ ಜರ್ಮನ್ನರು ದೇಶದೊಳಕ್ಕೆ ಬಂದ ಮೇಲೆ ಹ್ಯೂಗೋ ಮತ್ತು ಹೆಂಡತಿ ಫ್ರಾನ್ಸಿಗೆ ಓಡಿಹೋಗಿ, ಅಲ್ಲಿಂದ ಅಮೆರಿಕ ಸೇರಿದರು. ಅವರ ಹಸುಗೂಸು ಹಿಂದೆಯೇ ಉಳಿಯಿತು. ಅದನ್ನು ನೋಡಿಕೊಂಡವರು ಪಾವೆಲ್ ಅವರ ಹೆಂಡತಿ ಸೋನ್ಯಾ, ತಮ್ಮ ಪುಟ್ಟ ಮಗಳು ಓಲ್ಗಾ ಜೊತೆಗೇ. ಯಹೂದಿಯಾದ ತನ್ನ ಜೊತೆಗಿದ್ದರೆ ಅವರಿಗೂ ಅಪಾಯ, ಹೆಂಡತಿ, ಮಗಳಾದರೂ ಉಳಿಯಲಿ ಅಂತ ಪಾವೆಲ್ ಸೋನ್ಯಾಗೆ ವಿಚ್ಛೇದನ ಕೊಟ್ಟರು. ಜಗಳ ಇಲ್ಲ, ಮನಸ್ತಾಪ ಇಲ್ಲ. ಮನೆಯವರನ್ನು ಉಳಿಸೋಕೆ ಮನೆಯನ್ನೇ ಮುರಿದುಕೊಳ್ಳಬೇಕಾಯಿತು. ನನ್ನ ಪಾಲಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಸಂಕಟದ ಮಾತು ಇನ್ನೊಂದಿಲ್ಲ. ಇದನ್ನು ಬಿಟ್ಟು ಬರೀ ಆರ್ಕೆಸ್ಟ್ರಾ ತೋರಿಸಿದರೆ ಆ ಮನುಷ್ಯನನ್ನು ನಾವು ನೋಡಿದ ಹಾಗಾಗುತ್ತದಾ?

1941ರ ಡಿಸೆಂಬರ್‌ನಲ್ಲಿ ಪಾವೆಲ್ ಅವರನ್ನು ತೆರೆಜಿನ್‌ಗೆ ಒಯ್ದರು. ಅಲ್ಲಿ ಕಾಲಿಟ್ಟ ತಕ್ಷಣ ಸಂಗೀತ ಉಕ್ಕಿ ಬಂತು ಅಂತೇನಿಲ್ಲ. ಆರೋಗ್ಯ ಕೆಟ್ಟಿತ್ತು, ಮನಸ್ಸು ಕುಗ್ಗಿಹೋಗಿತ್ತು, ಏನೂ ಬರೆಯುತ್ತಿರಲಿಲ್ಲ. ಇಪ್ಪತ್ತರ ಆಸುಪಾಸಿನ ಹುಡುಗ ಗಿಡೆಯೋನ್ ಕ್ಲೈನ್, ಅವನೂ ಸಂಯೋಜಕನೇ, ಸ್ವರ ಬರೆಯುವ ಗೆರೆ ಎಳೆದ ಖಾಲಿ ಹಾಳೆಗಳನ್ನು ತಂದು ಅವರ ಮುಂದಿಟ್ಟನಂತೆ, ಇನ್ನು ಸಮಯ ಹಾಳು ಮಾಡಬೇಡಿ ಅಂತ. ಆಮೇಲೆಯೇ ಅವರು ಮತ್ತೆ ಬರೆಯೋಕೆ ಶುರು ಮಾಡಿದ್ದು. ವಿಡಿಯೋದಲ್ಲಿ ನುಡಿಸುತ್ತಿರುವುದು 1943ರಲ್ಲಿ ತಂತಿವಾದ್ಯಗಳಿಗಾಗಿ ಅವರು ಬರೆದ ಕೃತಿ. ಆರ್ಕೆಸ್ಟ್ರಾ ನಡೆಸುತ್ತಿರುವ ಕಂಡಕ್ಟರ್ ಕರೆಲ್ ಆಂಚೆರ್ಲ್.

ಅಲ್ಲಿದ್ದ ಇನ್ನೊಬ್ಬ ಸಂಯೋಜಕ ವಿಕ್ಟರ್ ಉಲ್ಮನ್, ನಾವು ಬರೀ ಅಳುತ್ತಾ ಕೂರಲಿಲ್ಲ ಎಂಬರ್ಥದಲ್ಲಿ ಬರೆದಿಟ್ಟಿದ್ದಾರೆ, ನಿಜ. ಒಳಗಿದ್ದು ನರಳಿದವರಿಗೆ ಹಾಗೆ ಹೇಳುವ ಹಕ್ಕಿದೆ. ಆದರೆ ಗೆಟ್ಟೋ ಇದ್ದಿದ್ದರಿಂದ ಕಲೆ ಅರಳಿತು ಅನ್ನುವ ಧಾಟಿಯಲ್ಲಿ ನಾವು ಮಾತಾಡೋದು ತಪ್ಪು. ಅರಳಿದ್ದು ಮುಂಚೆಯೇ.

1944ರ ಅಕ್ಟೋಬರ್ 16ರಂದು ಹಾಸ್, ಕ್ಲೈನ್, ಉಲ್ಮನ್, ಆಂಚೆರ್ಲ್ ಎಲ್ಲರನ್ನೂ ಒಂದೇ ರೈಲಿನಲ್ಲಿ ಆಶ್ವಿಟ್ಜ್‌ಗೆ ಕಳಿಸಿದರು. ಅಲ್ಲಿ ಸಾಲಿನಲ್ಲಿ ನಿಂತಾಗ, ಯಾರು ಬದುಕಬೇಕು ಯಾರು ಸಾಯಬೇಕು ಅಂತ ಆರಿಸುತ್ತಿದ್ದ ನಾಜಿ ವೈದ್ಯ ಮೆಂಗೆಲೆ ಮೊದಲು ಆಂಚೆರ್ಲ್ ಅವರನ್ನೇ ಸಾವಿನ ಕಡೆಗೆ ಕಳಿಸುವುದರಲ್ಲಿದ್ದ, ಅಷ್ಟರಲ್ಲಿ ಪಕ್ಕದಲ್ಲಿದ್ದ ಹಾಸ್ ಕೆಮ್ಮಿದರಂತೆ, ಅವನ ಕೈ ಅತ್ತ ತಿರುಗಿತಂತೆ. ಯುದ್ಧ ಮುಗಿದ ಮೇಲೆ ಆಂಚೆರ್ಲ್ ಇದನ್ನು ಹ್ಯೂಗೋಗೆ ಹೇಳಿದ್ದರು. ಹಾಸ್ ಅವರನ್ನು ಕೊಂದರು, ಅವರಿಗೆ ಆಗ 45 ವರ್ಷ. ಆಂಚೆರ್ಲ್ ಉಳಿದರು, ಅವರ ಹೆಂಡತಿ, ಮಗು ಉಳಿಯಲಿಲ್ಲ. ವಿಡಿಯೋದಲ್ಲಿ ನುಡಿಸಿದ ಆ ಕೃತಿಯ ಹಾಳೆಗಳು ತೆರೆಜಿನ್‌ನಲ್ಲಿ ಆಂಚೆರ್ಲ್‌ಗೆ ಮತ್ತೆ ಸಿಕ್ಕವು, ಡಬಲ್ ಬಾಸ್ ಎಂಬ ದೊಡ್ಡ ತಂತಿವಾದ್ಯದ ಭಾಗ ಮಾತ್ರ ಸಿಗಲಿಲ್ಲ. ಅದನ್ನು ಆಮೇಲೆ ಬೇರೆಯವರು ಹೊಸದಾಗಿ ಬರೆದು ಕೂಡಿಸಬೇಕಾಯಿತು.

ಸೋನ್ಯಾ, ಓಲ್ಗಾ, ಹ್ಯೂಗೋ ಮಗ, ಮೂವರೂ ಬದುಕಿದರು.

ಹಾಸ್ ಸಂಗೀತ ಕೇಳಬೇಕು ಅನ್ನಿಸಿದರೆ ತೆರೆಜಿನ್‌ನಿಂದ ಶುರು ಮಾಡಬೇಡಿ. 1925ರಲ್ಲಿ ಬರೆದ ಎರಡನೇ ಸ್ಟ್ರಿಂಗ್ ಕ್ವಾರ್ಟೆಟ್ (ನಾಲ್ಕು ತಂತಿವಾದ್ಯಗಳ ಕೃತಿ) ಇದೆ, 'ಮಂಗಗಳ ಬೆಟ್ಟದಿಂದ' ಅಂತ ಹೆಸರು, ಬೇಸಿಗೆ ರಜೆಯ ಓಡಾಟದ ನೆನಪಲ್ಲಿ ಬರೆದಿದ್ದು. ಕೊನೆಯ ಭಾಗಕ್ಕೆ ಜಾಜ್ ಡ್ರಮ್ಸ್ ಬೇರೆ ಸೇರಿಸಿದ್ದರು. ಆ ಭಾಗವನ್ನು ಡ್ರಮ್ಸ್ ಇರುವ ರೆಕಾರ್ಡಿಂಗ್‌ನಲ್ಲೇ ಕೇಳಿ.