ಈಜುಡುಗೆಗೂ ಕಲೆಯೇ?

ಅಂಗಿಗೆ ಶಾಯಿ ಚೆಲ್ಲುತ್ತದೆ, ಪ್ಯಾಂಟಿಗೆ ಕೆಸರು ಹಾರುತ್ತದೆ. ಸರಿ, ಒಪ್ಪೋಣ. ಆದರೆ ಹೊತ್ತೆಲ್ಲ ನೀರಲ್ಲೇ ನೆನೆಯುವ ಈಜುಡುಗೆಗೆ ಕಲೆ ಎಲ್ಲಿಂದ ಬರಬೇಕು? ಬರುತ್ತದೆ. ಅದೂ ಕುತ್ತಿಗೆಯ ಅಂಚಲ್ಲಿ, ಭುಜದ ಪಟ್ಟಿಯ ಕೆಳಗೆ, ತೊಡೆಯ ಎಲಾಸ್ಟಿಕ್ ಸುತ್ತ. ತುಕ್ಕು ಹಿಡಿದ ಕಬ್ಬಿಣದ ಬಣ್ಣ ಬೇರೆ.

ಇದು ಹೆಚ್ಚಾಗಿ ಸನ್‌ಸ್ಕ್ರೀನ್ ಮಾಡುವ ಕೆಲಸ. ಎಷ್ಟೋ ಸನ್‌ಸ್ಕ್ರೀನ್‌ಗಳಲ್ಲಿ ಅವೊಬೆಂಜೋನ್ ಅನ್ನುವ ಅಂಶ ಇರುತ್ತದೆ. ನೀರಲ್ಲಿ ಕಬ್ಬಿಣದ ಅಂಶ ಇದ್ದರೆ ಎರಡೂ ಸೇರಿ ಕಿತ್ತಳೆ ಬಣ್ಣಕ್ಕೆ ತಿರುಗುತ್ತವೆ. ಹಾಗಾಗಿ ಕೆಲವೊಮ್ಮೆ ಒಗೆಯುವ ಮುಂಚೆ ಕಾಣದ ಕಲೆ ಒಗೆದ ಮೇಲೆ ಎದ್ದು ಕಾಣುತ್ತದೆ! ಸೋಪಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡಿ, ಅದರದ್ದೇನೂ ತಪ್ಪಿಲ್ಲ.

ಮೊಂಡು ಕಲೆ ಕಂಡ ಕೂಡಲೇ ನಮಗೆ ಹೊಳೆಯುವುದು ಮೂರೇ: ಬಿಸಿ ನೀರು, ಬ್ರಷ್ಷು, ಬ್ಲೀಚು. ಈಜುಡುಗೆಗೆ ಮೂರೂ ಶತ್ರುಗಳೇ. ಕ್ಲೋರಿನ್ ಬ್ಲೀಚ್ ಹಾಕಿದರೆ ಈ ಸನ್‌ಸ್ಕ್ರೀನ್ ಕಲೆ ಇನ್ನೂ ಗಾಢವಾಗುತ್ತದೆ. ಜೊತೆಗೆ ಬಟ್ಟೆಯೊಳಗಿನ ಸ್ಪ್ಯಾಂಡೆಕ್ಸ್ ಎಳೆಯೂ ಸಾಯುತ್ತದೆ. 1958ರಲ್ಲಿ ಡುಪಾಂಟ್ ಕಂಪನಿಯ ಜೋಸೆಫ್ ಶಿವರ್ಸ್ ಕಂಡುಹಿಡಿದ ಎಳೆ ಅದು. ಐದು ಪಟ್ಟು ಎಳೆದರೂ ಮತ್ತೆ ತನ್ನ ಅಳತೆಗೆ ಮರಳುತ್ತದೆ. ಆದರೆ ಕ್ಲೋರಿನ್ ಮತ್ತು ಬಿಸಿಯ ಮುಂದೆ ಅದರ ಆಟ ನಡೆಯುವುದಿಲ್ಲ. ಕಲೆ ಹೋಯಿತು, ಉಡುಗೆ ಹಳೇ ದಿಂಬಿನ ಚೀಲದ ಹಾಗೆ ಜೋತುಬಿತ್ತು ಅಂದರೆ ಏನು ಲಾಭ?

ಮೊದಲು ಜಿಡ್ಡು ಬಿಡಿಸಬೇಕು. ತಣ್ಣೀರಲ್ಲಿ ಅದ್ದಿ, ಪಾತ್ರೆ ತೊಳೆಯುವ ಲಿಕ್ವಿಡ್ಡನ್ನು ಕಲೆಯ ಮೇಲೆ ಎರಡು ಹನಿ ಬಿಟ್ಟು, ಬೆರಳ ತುದಿಯಿಂದ ಸುಮ್ನೆ ಒತ್ತುತ್ತಾ ಇರಿ. ಉಜ್ಜಬೇಡಿ. ನೊರೆ ಮೆಲ್ಲಗೆ ಮಾಸಲಾಗುವುದು ಕಣ್ಣಿಗೇ ಕಾಣುತ್ತದೆ. ಅರ್ಧ ಗಂಟೆ ಬಿಟ್ಟು ಜಾಲಿಸಿ. ತುಕ್ಕು ಬಣ್ಣ ಇನ್ನೂ ಉಳಿದಿದ್ದರೆ ಆಗ ನೀರು ಬೆರೆಸಿದ ಬಿಳಿ ವಿನೆಗರ್ ಅಥವಾ ನಿಂಬೆರಸ. ಹುಳಿಗೆ ಕಬ್ಬಿಣ ಕರಗುತ್ತದೆ. ಈ ಸರದಿ ತಪ್ಪಿಸಬೇಡಿ; ಜಿಡ್ಡಿನ ಮೇಲೆ ಹುಳಿ ಹಾಕಿದರೆ ಅದು ಎಳೆಯೊಳಗೆ ಇಳಿಯುವುದೇ ಇಲ್ಲ. ಬಣ್ಣದ ಉಡುಗೆಯಾದರೆ ಒಳಹೊಲಿಗೆಯ ಮೂಲೆಯಲ್ಲಿ ಒಮ್ಮೆ ಪರೀಕ್ಷಿಸಿ ನೋಡಿ. ಮತ್ತೆ, ವಿನೆಗರನ್ನೂ ಬ್ಲೀಚನ್ನೂ ಯಾವತ್ತೂ ಸೇರಿಸಬಾರದು, ವಿಷದ ಗಾಳಿ ಏಳುತ್ತದೆ. ಇದು ತಮಾಷೆಯ ಮಾತಲ್ಲ.

ತಿಳಿ ಬಣ್ಣದ ಉಡುಗೆ ಹಸಿರಾದರೆ ಎಲ್ಲರೂ ಕ್ಲೋರಿನ್ನನ್ನೇ ಬೈಯುತ್ತಾರೆ. ಪಾಪ, ಅಲ್ಲಿ ಬಣ್ಣ ಬಿಡುವುದು ಹೆಚ್ಚಾಗಿ ಕೊಳದ ನೀರಿನ ತಾಮ್ರ.

ಒಗೆದಾದ ಮೇಲೆ ತಿರುಚಿ ಹಿಂಡುವ ಚಪಲ ಬಿಡಬೇಕು. ಒಣ ಟವೆಲ್‌ನಲ್ಲಿ ಸುರುಳಿ ಸುತ್ತಿ ಒತ್ತಿದರೆ ನೀರೆಲ್ಲ ಟವೆಲ್‌ಗೆ ಹೋಗುತ್ತದೆ. ಆಮೇಲೆ ನೆರಳಲ್ಲಿ ಹರಡಿ. ಕೆಲವು ಹಳದಿ ಮಾತ್ರ ಏನು ಮಾಡಿದರೂ ಹೋಗುವುದಿಲ್ಲ, ಯಾಕೆಂದರೆ ಅಲ್ಲಿ ಕಲೆಯೇ ಇಲ್ಲ, ಬಟ್ಟೆಯೇ ಹಳತಾಗಿ ಹಳದಿಯಾಗಿದೆ. ಅಂಥದ್ದಕ್ಕೆ ಕೈಮುಗಿಯುವುದೇ ವಾಸಿ.

ಕಲೆಯೇ ಕಡಿಮೆ ಆಗಬೇಕಾ? ಮೊದಲು ಸನ್‌ಸ್ಕ್ರೀನ್ ಹಚ್ಚಿ, ಅದು ಚರ್ಮಕ್ಕೆ ಇಳಿಯಲು ಕಾಲು ಗಂಟೆ ಬಿಟ್ಟು, ಆಮೇಲೆ ಉಡುಗೆ ತೊಟ್ಟರೆ ಬಟ್ಟೆಗೆ ಅಂಟುವುದು ಕಡಿಮೆ. ಆದರೆ ನೀರು ಕಂಡ ಮೇಲೆ ಕಾಲು ಗಂಟೆ ಸುಮ್ಮನೆ ಕೂರುವವರು ಯಾರಿದ್ದಾರೆ ಹೇಳಿ?