ಒಂದು ನಿಮಿಷ ಸಿಟ್ಟಾದರೆ ಐದು ಗಂಟೆ ನಷ್ಟವೇ?

ರಾಯಚೂರಿನ ಫ್ಯಾಮಿಲಿ ಗ್ರೂಪುಗಳಲ್ಲಿ ಶುಭೋದಯದ ಜೊತೆ ಆಗಾಗ ತಿರುಗಿ ಬರುವ ಸಂದೇಶ ಇದು: ಒಂದು ನಿಮಿಷ ಸಿಟ್ಟಾದರೆ ರೋಗನಿರೋಧಕ ಶಕ್ತಿ ಐದು ಗಂಟೆ ಕುಗ್ಗುತ್ತದೆ, ನಕ್ಕರೆ ಇಡೀ ದಿನ ಹೆಚ್ಚುತ್ತದೆ, ಹಾಗಾಗಿ ಸದಾ ಖುಷಿಯಾಗಿರಿ.

ಈ ಲೆಕ್ಕ ಸರಿಯಲ್ಲ. ರೋಗನಿರೋಧಕ ಶಕ್ತಿ ಒಂದೇ ಮೀಟರಿನಲ್ಲಿ ಅಳೆಯುವಂಥದ್ದಲ್ಲ. ಹಲವು ಬಗೆಯ ಜೀವಕೋಶ, ಪ್ರತಿಕಾಯಗಳು (ರೋಗಾಣುಗಳನ್ನು ಎದುರಿಸಲು ದೇಹವೇ ತಯಾರಿಸುವ ಆಂಟಿಬಾಡಿಗಳು) ಸೇರಿ ಮಾಡುವ ಕೆಲಸ ಅದು. 1995ರ ಒಂದು ಸಣ್ಣ ಅಧ್ಯಯನದಲ್ಲಿ, ಸಿಟ್ಟಿನ ಘಟನೆ ನೆನೆಸಿಕೊಂಡವರ ಜೊಲ್ಲಿನಲ್ಲಿ ಒಂದು ಪ್ರತಿಕಾಯ ಕೆಲವು ಗಂಟೆ ಕಡಿಮೆ ಕಂಡಿತ್ತು, ನಿಜ. ಅಷ್ಟಕ್ಕೇ ಅವರಿಗೆ ಕಾಯಿಲೆ ಬಂತು ಅಂತಲ್ಲ. ವರ್ಷಗಟ್ಟಲೆ ಕುದಿಯುವ ಸಿಟ್ಟು ಹೃದಯಕ್ಕೆ ಒಳ್ಳೆಯದಲ್ಲ, ಅದು ಬೇರೆ ಮಾತು.

ನನಗೆ ಜಾಸ್ತಿ ಚಿಂತೆ ಆ ‘ಸದಾ ಖುಷಿ’ಯದ್ದು. ಹತ್ತಿ ಬೆಲೆ ಬಿದ್ದಾಗ ಬೇಸರ, ಮೇ ತಿಂಗಳ ಧಗೆಯಲ್ಲಿ ಕರೆಂಟ್ ಹೋದಾಗ ಸಿಟ್ಟು, ಮನೆಯವರು ತೀರಿಕೊಂಡಾಗ ಅಳು ಬರದೇ ಇರುತ್ತಾ? ಬಂದದ್ದನ್ನು ಒತ್ತಿಹಿಡಿದರೆ ಮುಖದಲ್ಲಿ ಕಾಣದಿರಬಹುದು, ಒಳಗಿನ ನೋವೇನೂ ಇಳಿಯುವುದಿಲ್ಲ. ದೇಹದ ಮೇಲಿನ ಒತ್ತಡ ಏರುತ್ತದೆ ಎಂದು ಪ್ರಯೋಗಗಳು ತೋರಿಸಿವೆ. ಸಿಟ್ಟು ಬಂದಿದೆ ಎಂದು ಒಪ್ಪಿಕೊಳ್ಳುವುದು ಬೇರೆ, ಎದುರಿನವರ ಮೇಲೆ ಕೂಗಾಡುವುದು ಬೇರೆ ಅಲ್ವಾ?

ಇಂಥ ಸಂದೇಶ ಬಂದಾಗ ಯಾರು, ಯಾವಾಗ, ಎಷ್ಟು ಜನರಲ್ಲಿ, ಏನನ್ನು ಅಳೆದರು ಎಂದು ಹುಡುಕಿ. ಒಂದಕ್ಕೂ ಉತ್ತರ ಇಲ್ಲದಿದ್ದರೆ ಮುಂದೆ ಕಳಿಸಬೇಡಿ. ಅದೇ ಸಾಲನ್ನು ಗೂಗಲ್‌ನಲ್ಲಿ ಹಾಕಿದರೆ ಗಂಟೆಗಳ ಲೆಕ್ಕ ಒಂದೊಂದು ಕಡೆ ಒಂದೊಂದು ಥರ ಇರುವುದೂ ಕಾಣಬಹುದು. ಕಳಿಸಿದವರ ಜೊತೆ ಸುಮ್ನೆ ಜಗಳ ಬೇಡ, ಅವರು ಒಳ್ಳೇದಾಗಲಿ ಅಂತಲೇ ಕಳಿಸಿರುತ್ತಾರೆ. ಬೇಸರ ಎರಡು ವಾರ ದಾಟಿ ಊಟ, ನಿದ್ದೆ ಕೆಟ್ಟರೆ ವೈದ್ಯರಿಗೆ ತೋರಿಸಿ. ಸರ್ಕಾರದ ಉಚಿತ ಮಾನಸಿಕ ಆರೋಗ್ಯ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೇ ಮಾತಾಡಬಹುದು.